ಮನೆತನದ ಕಾಯಿಲೆಗೊಂದು ಹೆಸರು ಬೇಕು

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಬಾಗಳಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಸೀಮೆಯ ಊರುಗಳಿಗೆ ಹೆಳವರು ಬರುವುದುಂಟು. ಎತ್ತಿನೊಂದಿಗೆ ಬಂದು ಮನೆ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ಈಗಿನ ಯಜಮಾನನ ತನಕ ಹೆಸರು ಹೇಳುತ್ತಾರೆ. ಯಾರು ಯಾವ ಊರಿಂದ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಯಾವ ಕವಲು ಎಲ್ಲಿಗೆ ಹೋಗಿ ನೆಲೆ ನಿಂತಿತು ಎಂಬುದೆಲ್ಲ ಅವರ ಬಾಯಲ್ಲಿದೆ. ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳಲ್ಲಿ ಉಳಿದದ್ದು ಅರಸರ ಮತ್ತು ದಾನ ಕೊಟ್ಟವರ ಹೆಸರು. ಒಕ್ಕಲುತನದ ಮನೆಗಳ ವಂಶಾವಳಿ ಉಳಿದದ್ದು ಹೆಳವರ ಕಡತದಲ್ಲಿ. ಆದರೆ ಆ ಕಡತದಲ್ಲಿ ಎರಡು ಸಂಗತಿಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಕೊಟ್ಟ ಹೆಣ್ಣುಮಕ್ಕಳ ಮುಂದಿನ ಕುಡಿಗಳು ಒಂದು. ಯಾರು ಯಾವ ಕಾಯಿಲೆಯಿಂದ ತೀರಿಕೊಂಡರು ಎಂಬುದು ಇನ್ನೊಂದು.

ನರರೋಗ ತಜ್ಞರಿಗೆ ಮೊದಲು ಬೇಕಾಗುವುದು ಈ ಎರಡೇ. ಕೈ ನಡುಗುತ್ತದೆ, ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ ಎಂದು ಬಂದ ರೋಗಿಯ ಮುಂದೆ ಅವರು ಬಿಳಿ ಹಾಳೆ ಇಟ್ಟುಕೊಂಡು ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಬರೆಯುತ್ತಾ ಹೋಗುತ್ತಾರೆ. ಅಪ್ಪನಿಗೆ ಇತ್ತೇ? ಅಪ್ಪನ ಅಕ್ಕನಿಗೆ? ಅವರ ಮಕ್ಕಳಿಗೆ? ಎಷ್ಟನೇ ವಯಸ್ಸಿಗೆ ಶುರುವಾಯಿತು? ತಂದೆತಾಯಿ ಮೊದಲೇ ಸಂಬಂಧಿಕರೇ? ಕಾಯಿಲೆ ಇದ್ದವರ ಗುರುತಿಗೆ ಕಪ್ಪು ಬಳಿಯುತ್ತಾರೆ. ಕಾಸು ಖರ್ಚಿಲ್ಲದ ಈ ಚಿತ್ರ ಎಷ್ಟೋ ಸಲ ಸ್ಕ್ಯಾನಿಂಗ್‌ಗಿಂತ ಹೆಚ್ಚು ಹೇಳುತ್ತದೆ.

ಇಂಥ ತೊಂದರೆಗಳಿಗೆ ನಮ್ಮ ಊರುಗಳಲ್ಲಿ ಒಂದೇ ಹೆಸರು, ಮನೆತನದ ಕಾಯಿಲೆ. ಅದನ್ನು ಹೇಳಿ ಸುಮ್ಮನಾಗುತ್ತೇವೆ. ಆ ಒಂದು ಮಾತಿನ ಕೆಳಗೆ ಪರಸ್ಪರ ಸಂಬಂಧವೇ ಇಲ್ಲದ ಹಲವು ರೋಗಗಳಿವೆ. ಒಂದರಲ್ಲಿ ಒಡಹುಟ್ಟಿದವರನ್ನು ನಾಳೆಯೇ ಪರೀಕ್ಷೆಗೆ ಕರೆದೊಯ್ಯಬೇಕು, ತಡ ಮಾಡಿದರೆ ತಪ್ಪಾಗುತ್ತದೆ. ಇನ್ನೊಂದರಲ್ಲಿ ಆರೋಗ್ಯವಾಗಿರುವ ಯಾರನ್ನೂ ಪರೀಕ್ಷೆಗೆ ಒತ್ತಾಯಿಸಬಾರದು. ಯಾವುದು ಯಾವುದೆಂದು ತಿಳಿಯಬೇಕಾದರೆ ಕಾಯಿಲೆಯ ಹೆಸರು, ಅದರ ಹಿಂದಿರುವ ವಂಶವಾಹಿಯ ಹೆಸರು ಗೊತ್ತಾಗಬೇಕು.

ಕುಡಿದವನಲ್ಲ, ರೋಗಿ

ತೂರಾಡುತ್ತಾ ನಡೆಯುವವನನ್ನು ಕಂಡಾಗ ಊರು ಮೊದಲು ಆಡುವ ಮಾತು, ಹಗಲಲ್ಲೇ ಏರಿಸಿದ್ದಾನೆ ಎಂಬುದು. ಕಿರುಮಿದುಳಿನ ನರಕೋಶಗಳು ಸವೆಯುವ ಅಟಾಕ್ಸಿಯಾ ರೋಗಿಗಳಿಗೆ ಈ ಅಪವಾದ ತಪ್ಪಿದ್ದಲ್ಲ. ಕಾಲು ಅಗಲಿಸಿ ನಡೆಯುತ್ತಾರೆ, ತಿರುಗುವಾಗ ಗೋಡೆ ಹಿಡಿಯುತ್ತಾರೆ, ಮಾತು ಎಳೆಯುತ್ತದೆ, ಅಂಗಿ ಗುಂಡಿ ಹಾಕಲು ಬೆರಳು ಕೇಳುವುದಿಲ್ಲ. ಹಂಟಿಂಗ್ಟನ್ ಕಾಯಿಲೆಯಲ್ಲಿ ಬೇರೆ ಬಗೆ. ಕೈಕಾಲು, ಮುಖ, ಭುಜ ತಾವಾಗಿಯೇ ಕುಣಿಯುತ್ತವೆ. ಜೊತೆಗೆ ಸಿಟ್ಟು, ಖಿನ್ನತೆ, ಮರೆವು. ಅಮೆರಿಕದ ಹೆಸರಾಂತ ಜನಪದ ಹಾಡುಗಾರ ವುಡಿ ಗತ್ರಿಗೆ ಈ ಕಾಯಿಲೆ ಬಂದಾಗ ಅವರನ್ನೂ ಮೊದಮೊದಲು ಕುಡುಕ ಎಂದರು, ಮಾನಸಿಕ ರೋಗಿ ಎಂದರು. 1967ರಲ್ಲಿ ಅವರು ತೀರಿಕೊಂಡಾಗ ವಯಸ್ಸು 55. ಅವರ ತಾಯಿಗೂ ಇದೇ ಕಾಯಿಲೆ ಇತ್ತು.

ನಮ್ಮಲ್ಲಿ ಕುಡಿತದ ಅಪವಾದದ ಜೊತೆಗೆ ಗಾಳಿ, ಮಾಟ, ಮನೆದೇವರ ಮುನಿಸು ಇವೂ ಸೇರುತ್ತವೆ. ಒಬ್ಬರಾದ ಮೇಲೆ ಒಬ್ಬರಿಗೆ ಬಂದರೆ ಶಾಪ ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿದೆ. ವಿಷಯ ಹೊರಗೆ ಬಿದ್ದರೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ. ಹಾಗಾಗಿ ಕಾಯಿಲೆ ಕೋಣೆಯಲ್ಲಿ ಉಳಿಯುತ್ತದೆ, ವೈದ್ಯರ ಹಾಳೆಯಲ್ಲಿ ಕಪ್ಪು ಬಳಿಯಬೇಕಾದ ಗುರುತು ಬಿಳಿಯಾಗಿಯೇ ಉಳಿಯುತ್ತದೆ.

ನಡುಕವೆಲ್ಲ ಆನುವಂಶಿಕವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಥೈರಾಯ್ಡ್ ಹೆಚ್ಚಾದರೂ ಕೈ ನಡುಗುತ್ತದೆ; ಉಬ್ಬಸದ ಔಷಧದಿಂದಲೂ ನಡುಗುತ್ತದೆ. ಬಿ–12 ಕೊರತೆ, ಮೂರ್ಛೆರೋಗದ ಮಾತ್ರೆಯ ಪ್ರಮಾಣ ಹೆಚ್ಚಾಗುವುದು, ದೀರ್ಘಕಾಲದ ಕುಡಿತ ಇವೆಲ್ಲ ನಡಿಗೆ ಕೆಡಿಸುತ್ತವೆ. ವೈದ್ಯರು ಮೊದಲು ಇವನ್ನು ತಳ್ಳಿಹಾಕುತ್ತಾರೆ. ಆಮೇಲೆ ವಂಶವಾಹಿಯ ಮಾತು.

1993ರ ಮೂರು ಶೋಧಗಳು

ಚಲನೆ ಕೆಡಿಸುವ ಆನುವಂಶಿಕ ರೋಗಗಳ ಚರಿತ್ರೆಯಲ್ಲಿ 1993 ದೊಡ್ಡ ವರ್ಷ. ಆ ವರ್ಷದ ಮಾರ್ಚ್‌ನಲ್ಲಿ ಹಂಟಿಂಗ್ಟನ್ ಕಾಯಿಲೆಯ ವಂಶವಾಹಿ ಪತ್ತೆಯಾಯಿತು. ಅದೇ ವರ್ಷ ಹ್ಯಾರಿ ಆರ್ ಮತ್ತು ಹುದಾ ಝೋಗ್ಬಿ ತಂಡಗಳು ಸ್ಪೈನೋಸೆರೆಬೆಲ್ಲಾರ್ ಅಟಾಕ್ಸಿಯಾ ಒಂದನೇ ಬಗೆಯ, ಅಂದರೆ ಎಸ್‌ಸಿಎ–1ರ, ವಂಶವಾಹಿ ಹಿಡಿದವು. ವರ್ಷ ಮುಗಿಯುವುದರೊಳಗೆ ವಿಲ್ಸನ್ ಕಾಯಿಲೆಯ ವಂಶವಾಹಿಯೂ ಸಿಕ್ಕಿತು. ಮೂರರಲ್ಲೂ ಮೈ ನಡುಗುತ್ತದೆ ಅಥವಾ ತೂರಾಡುತ್ತದೆ. ಆದರೆ ಮೊದಲ ಎರಡರ ದಾರಿ ಬೇರೆ, ಮೂರನೆಯದರ ದಾರಿ ಬೇರೆ.

ಹಂಟಿಂಗ್ಟನ್ ಕಥೆ ಶುರುವಾಗುವುದೇ ಮನೆತನದ ನೆನಪಿನಿಂದ. 1872ರಲ್ಲಿ ಜಾರ್ಜ್ ಹಂಟಿಂಗ್ಟನ್ ಎಂಬ 22 ವರ್ಷದ ವೈದ್ಯ ಈ ಕಾಯಿಲೆಯನ್ನು ವಿವರಿಸಿದರು. ಅವರ ತಂದೆ, ಅಜ್ಜ ಇಬ್ಬರೂ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ವೈದ್ಯರಾಗಿದ್ದವರು. ಒಂದೇ ಕುಟುಂಬಗಳ ತಲೆಮಾರುಗಳನ್ನು ಮೂವರು ವೈದ್ಯರು ಸಾಲಾಗಿ ನೋಡಿದ್ದರಿಂದ ರೋಗ ಹರಿದುಬರುವ ಬಗೆ ಅವರಿಗೆ ಕಂಡಿತು. ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ಕೆಲವರಿಗೆ ಬರುತ್ತದೆ. ಯಾವ ಮಗುವಿಗೆ ಬರಲಿಲ್ಲವೋ ಆ ಕವಲಿನಲ್ಲಿ ದಾರ ಕಡಿಯಿತು, ಮೊಮ್ಮಕ್ಕಳಿಗೆ ಬರುವುದಿಲ್ಲ.

ನೂರು ವರ್ಷಗಳ ನಂತರ ಇದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ನ್ಯಾನ್ಸಿ ವೆಕ್ಸ್ಲರ್. ಅವರ ತಾಯಿಗೆ 1968ರಲ್ಲಿ ಹಂಟಿಂಗ್ಟನ್ ಇರುವುದು ಗೊತ್ತಾಯಿತು. ವೆನೆಜುವೆಲಾದ ಮರಕೈಬೋ ಸರೋವರದ ದಂಡೆಯ ಹಳ್ಳಿಗಳಲ್ಲಿ ಈ ಕಾಯಿಲೆ ಅಪಾರವಾಗಿತ್ತು. ವೆಕ್ಸ್ಲರ್ ತಂಡ ವರ್ಷಗಟ್ಟಲೆ ಅಲ್ಲಿಗೆ ಹೋಗಿ, ಹತ್ತು ತಲೆಮಾರುಗಳ, 18,000ಕ್ಕೂ ಹೆಚ್ಚು ಜನರ ವಂಶವೃಕ್ಷ ಬರೆಯಿತು, ರಕ್ತದ ಮಾದರಿ ತಂದಿತು. ಅದರ ನೆರವಿನಿಂದ 1983ರಲ್ಲಿ ರೋಗದ ಸುಳಿವು ನಾಲ್ಕನೇ ವರ್ಣತಂತುವಿನಲ್ಲಿದೆ ಎಂದು ತಿಳಿಯಿತು. ನಿಖರ ಜಾಗ ಹುಡುಕಲು ಇನ್ನೂ ಹತ್ತು ವರ್ಷ ಹಿಡಿಯಿತು.

ಮೂರಕ್ಷರದ ಲೆಕ್ಕ ತಪ್ಪುವುದು

ಡಿಎನ್‌ಎ ನಾಲ್ಕು ಅಕ್ಷರಗಳ ಬರಹ: ಎ, ಟಿ, ಜಿ, ಸಿ. ಮೂರು ಅಕ್ಷರ ಸೇರಿ ಒಂದು ಅಮೈನೋ ಆಮ್ಲಕ್ಕೆ ಸೂಚನೆ. ಸಿಎಜಿ ಎಂದಿದ್ದರೆ ಗ್ಲುಟಮಿನ್ ಸೇರಿಸು ಎಂದರ್ಥ. ಹಂಟಿಂಗ್ಟಿನ್ ಪ್ರೋಟೀನಿನ ವಂಶವಾಹಿಯಲ್ಲಿ ಸಿಎಜಿ ಒಂದರ ಹಿಂದೊಂದು ಹಲವು ಸಲ ಬರುತ್ತದೆ. ನಮ್ಮೆಲ್ಲರಲ್ಲೂ ಇದೆ, ತೊಂದರೆಯಿಲ್ಲ. 26ರವರೆಗೆ ಸಹಜ. 27ರಿಂದ 35ರ ತನಕ ಆ ವ್ಯಕ್ತಿಗೆ ರೋಗವಿಲ್ಲ, ಮುಂದಿನ ಪೀಳಿಗೆಯಲ್ಲಿ ಸಂಖ್ಯೆ ಏರಬಹುದು. 36ರಿಂದ 39 ಇದ್ದರೆ ರೋಗ ಬರಬಹುದು, ಬಾರದೆಯೂ ಇರಬಹುದು. 40 ಮತ್ತು ಅದಕ್ಕಿಂತ ಹೆಚ್ಚಿದ್ದರೆ, ಸಹಜ ಆಯುಸ್ಸು ಬದುಕಿದವರಿಗೆ ರೋಗ ಬಂದೇ ಬರುತ್ತದೆ. ಇಡೀ ಮನುಷ್ಯನ ಡಿಎನ್‌ಎಯಲ್ಲಿ 300 ಕೋಟಿ ಅಕ್ಷರಗಳಿವೆ. ಅಷ್ಟರಲ್ಲಿ ಮೂರಕ್ಷರದ ಒಂದು ಪದ ಹತ್ತಿಪ್ಪತ್ತು ಸಲ ಹೆಚ್ಚಾದರೆ ಸಾಕು, ಬದುಕು ಮಗುಚುತ್ತದೆ.

ಸಂಖ್ಯೆ ಹೆಚ್ಚುವುದೇಕೆ? ಭಜನೆಯಲ್ಲಿ ಪಲ್ಲವಿಯನ್ನು ಎಷ್ಟು ಸಲ ಹಾಡಿದೆವೆಂಬ ಲೆಕ್ಕ ತಪ್ಪಿ ಇನ್ನೊಂದು ಸಲ ಹಾಡಿಬಿಡುವಂತೆ, ಡಿಎನ್‌ಎ ನಕಲಾಗುವಾಗ, ರಿಪೇರಿಯಾಗುವಾಗ ಈ ಪುನರಾವರ್ತನೆಯ ಜಾಗದಲ್ಲಿ ಜೀವಕೋಶಕ್ಕೂ ಲೆಕ್ಕ ತಪ್ಪುತ್ತದೆ. ಹಂಟಿಂಗ್ಟನ್‌ನಲ್ಲಿ ತಂದೆಯ ಕಡೆಯಿಂದ ಬರುವಾಗ ಸಂಖ್ಯೆ ಏರುವುದು ಹೆಚ್ಚು. ಸಂಖ್ಯೆ ದೊಡ್ಡದಾದಷ್ಟೂ ರೋಗ ಬೇಗ. ಅಜ್ಜನಿಗೆ 55ಕ್ಕೆ ಶುರುವಾದದ್ದು ಅಪ್ಪನಿಗೆ 42ಕ್ಕೆ, ಮಗನಿಗೆ 30ಕ್ಕೆ ಶುರುವಾಗಬಹುದು. 60 ದಾಟಿದರೆ ಇಪ್ಪತ್ತರೊಳಗೇ ಕಾಣಿಸಿಕೊಳ್ಳುವುದುಂಟು. ಶಾಪ ತಲೆಮಾರಿನಿಂದ ತಲೆಮಾರಿಗೆ ಬಲಿಯುತ್ತಿದೆ ಎಂದು ಹಿರಿಯರು ಹೇಳಿದ್ದರೆ ಅವರ ಕಣ್ಣು ಕಂಡದ್ದು ಸುಳ್ಳಲ್ಲ, ಕೊಟ್ಟ ಕಾರಣ ಮಾತ್ರ ತಪ್ಪು.

ಹುಟ್ಟುವಾಗಲೇ ಇರುವ ದೋಷ ನಲವತ್ತು ವರ್ಷ ಸುಮ್ಮನೆ ಕೂರುವುದೇಕೆ ಎಂಬ ಒಗಟಿಗೆ 2025ರ ಜನವರಿಯಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಉತ್ತರ ಕೊಟ್ಟಿದೆ. ಸ್ಟೀವನ್ ಮೆಕ್ಯಾರಲ್ ಮತ್ತು ಸಂಗಡಿಗರು ತೀರಿಕೊಂಡ ರೋಗಿಗಳ ಮಿದುಳಿನ ಒಂದೊಂದೇ ನರಕೋಶವನ್ನು ನೋಡಿದರು. ಹುಟ್ಟಿನಿಂದ ಬಂದ 40–45ರ ಸಂಖ್ಯೆ ಮಿದುಳಿನ ಆಳದ ಸ್ಟ್ರಯೇಟಮ್ ಎಂಬ ಭಾಗದ ನರಕೋಶಗಳ ಒಳಗೇ ದಶಕಗಳ ಕಾಲ ನಿಧಾನವಾಗಿ ಏರುತ್ತಾ ಹೋಗುತ್ತದೆ. 80ರ ಸುಮಾರಿಗೆ ಮುಟ್ಟಿದ ಮೇಲೆ ವೇಗ ಹೆಚ್ಚುತ್ತದೆ. 150 ದಾಟಿದ ಕೋಶ ಕೆಟ್ಟು ಸಾಯುತ್ತದೆ. ಒಂದೊಂದು ಕೋಶವೂ ತನ್ನ ಗಡುವಿಗೆ ತಾನು ಸಾಯುವುದರಿಂದ ರೋಗ ಮೆಲ್ಲಗೆ ಮುಂದುವರಿಯುತ್ತದೆ. ಸಂಖ್ಯೆ ಏರುವುದನ್ನೇ ತಡೆದರೆ ರೋಗವನ್ನು ಮುಂದೂಡಬಹುದೇ ಎಂಬುದು ಈಗಿನ ಸಂಶೋಧನೆಯ ಮುಖ್ಯ ಪ್ರಶ್ನೆ.

ಭಾರತದಲ್ಲಿ ಕಂಡ ನಿಧಾನ ಕಣ್ಣು

ಹಂಟಿಂಗ್ಟನ್ ನಮ್ಮಲ್ಲಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ವಂಶವಾಹಿ ಪರೀಕ್ಷೆಯಿಂದ ಖಚಿತಪಟ್ಟ ಭಾರತೀಯ ರೋಗಿಗಳ ವಿವರವನ್ನು 2001ರಲ್ಲಿಯೇ ಪ್ರಕಟಿಸಿದ್ದಾರೆ. ಇದೇ ಸಿಎಜಿ ದೋಷ ಹಲವು ಬಗೆಗಳಲ್ಲಿ ಕಾಣುವ ಇನ್ನೊಂದು ಗುಂಪು ಎಸ್‌ಸಿಎ. ಇದರಲ್ಲಿ ಹತ್ತಾರು ಬಗೆಗಳಿವೆ. ಪತ್ತೆಯಾದ ಕ್ರಮದಲ್ಲಿ ಅಂಕಿ ಹಚ್ಚಿದ್ದಾರೆ. ಭಾರತದಲ್ಲಿ ಹೆಚ್ಚು ಕಾಣುವವು 1, 2, 3 ಮತ್ತು 12. ಹನ್ನೆರಡನೆಯದು ಮುಖ್ಯವಾಗಿ ಉತ್ತರ ಭಾರತದ್ದು, ಕೈ ನಡುಕದಿಂದ ಶುರುವಾಗುತ್ತದೆ. ದಕ್ಷಿಣದಲ್ಲಿ ಒಂದು, ಎರಡು, ಮೂರನೇ ಬಗೆಗಳ ಅಧ್ಯಯನವನ್ನು ನಿಮ್ಹಾನ್ಸ್ ತಂಡ 2007ರಲ್ಲಿ ಪ್ರಕಟಿಸಿತು.

ಎಸ್‌ಸಿಎ–2ರ ಚರಿತ್ರೆಯಲ್ಲಿ ಭಾರತದ ಹೆಸರು ಗಟ್ಟಿಯಾಗಿ ಇದೆ. ಮುಂಬಯಿಯ ನರರೋಗ ತಜ್ಞ ಡಾ. ನೋಶಿರ್ ವಾಡಿಯಾ ಸಹೋದ್ಯೋಗಿಯೊಂದಿಗೆ 1971ರಲ್ಲಿ ‘ಬ್ರೈನ್’ ಪತ್ರಿಕೆಯಲ್ಲಿ ಒಂಬತ್ತು ಕುಟುಂಬಗಳ ಬಗ್ಗೆ ಬರೆದರು. ಈ ರೋಗಿಗಳು ತೂರಾಡುತ್ತಿದ್ದರು, ಅದು ಹೊಸದಲ್ಲ. ಎಡಕ್ಕಿರುವ ವಸ್ತುವಿನಿಂದ ಬಲಕ್ಕಿರುವ ವಸ್ತುವಿಗೆ ನೋಟ ಹೊರಳಿಸು ಎಂದರೆ ನಮ್ಮ ನಿಮ್ಮ ಕಣ್ಣು ಥಟ್ಟನೆ ಜಿಗಿಯುತ್ತದೆ. ಅವರ ಕಣ್ಣು ಮಾತ್ರ ನಿಧಾನಕ್ಕೆ ತೆವಳುತ್ತಿತ್ತು. ಇದು ಬೇರೆಯದೇ ಒಂದು ಆನುವಂಶಿಕ ರೋಗ ಎಂದು ವಾಡಿಯಾ ವಾದಿಸಿದರು. ಇಪ್ಪತ್ತೈದು ವರ್ಷಗಳ ಮೇಲೆ, 1996ರಲ್ಲಿ, ಎಸ್‌ಸಿಎ–2ರ ವಂಶವಾಹಿ ಸಿಕ್ಕಿದಾಗ ಅವರ ಮಾತು ಸರಿ ಎನಿಸಿತು. ಪ್ರಯೋಗಾಲಯವಿಲ್ಲದೆ, ಬರಿಗಣ್ಣಿನಿಂದ ರೋಗಿಯ ಕಣ್ಣು ನೋಡಿ ಮಾಡಿದ ಶೋಧವಿದು.

ಹಂಟಿಂಗ್ಟನ್ ಮತ್ತು ಈ ಎಸ್‌ಸಿಎಗಳು ಪ್ರಬಲ ವಂಶವಾಹಿಯ ರೋಗಗಳು. ನಮಗೆ ಪ್ರತಿ ವಂಶವಾಹಿಯೂ ಜೋಡಿಯಾಗಿ ಬರುತ್ತದೆ, ಒಂದು ತಂದೆಯಿಂದ, ಒಂದು ತಾಯಿಯಿಂದ. ಪ್ರಬಲ ರೋಗದಲ್ಲಿ ಒಂದು ಕೆಟ್ಟರೆ ಸಾಕು. ರೋಗಿಯ ಪ್ರತಿ ಮಗುವಿಗೂ, ಗಂಡಿರಲಿ ಹೆಣ್ಣಿರಲಿ, ಅದು ಬರುವ ಸಂಭವ ಅರ್ಧಕ್ಕರ್ಧ. ಹೆಂಡತಿ ಸ್ವಂತ ಅಕ್ಕನ ಮಗಳೇ ಆಗಿರಲಿ, ಕಂಡು ಕೇಳದ ಊರಿನವಳೇ ಆಗಿರಲಿ, ರೋಗಿಯ ಪಾಲಿನಿಂದ ಬರುವ ಈ ಅರ್ಧ ಬದಲಾಗುವುದಿಲ್ಲ.

ತಾಮ್ರ ತುಂಬಿದ ಮಿದುಳು

ಈಗ 1993ರ ಶೋಧಗಳಲ್ಲಿ ಮೂರನೆಯದು. 1912ರಲ್ಲಿ ಲಂಡನ್ನಿನಲ್ಲಿ ಕಿನಿಯರ್ ವಿಲ್ಸನ್ ವಿವರಿಸಿದ ಕಾಯಿಲೆ. ಹದಿಹರೆಯದ ಹುಡುಗ ಅಥವಾ ಹುಡುಗಿ. ಚೆನ್ನಾಗಿ ಓದುತ್ತಿದ್ದವರ ಅಂಕ ಇಳಿಯುತ್ತದೆ, ಕೈಬರಹ ಕೆಡುತ್ತದೆ, ಜೊಲ್ಲು ಸೋರುತ್ತದೆ, ಮಾತು ಅಸ್ಪಷ್ಟವಾಗುತ್ತದೆ, ಕೈ ನಡುಗುತ್ತದೆ ಅಥವಾ ಸೆಟೆದುಕೊಳ್ಳುತ್ತದೆ. ಕೆಲವರಿಗೆ ಅದಕ್ಕೂ ಮೊದಲು ಕಾಮಾಲೆ ಬಂದು ಹೋಗಿರುತ್ತದೆ. ನಾಟಿ ಔಷಧಿ ಕೊಡಿಸಿ ಮನೆಯವರು ಮರೆತಿರುತ್ತಾರೆ.

ತಪ್ಪಿರುವುದು 13ನೇ ವರ್ಣತಂತುವಿನ ಎಟಿಪಿ7ಬಿ ಎಂಬ ವಂಶವಾಹಿ. ಊಟದಿಂದ ಬಂದ ಹೆಚ್ಚುವರಿ ತಾಮ್ರವನ್ನು ಯಕೃತ್ತಿನಿಂದ ಪಿತ್ತರಸದ ಮೂಲಕ ಹೊರಹಾಕುವ ಪ್ರೋಟೀನನ್ನು ಅದು ಕಟ್ಟುತ್ತದೆ. ಆ ಕೆಲಸ ನಿಂತರೆ ತಾಮ್ರ ಯಕೃತ್ತಿನಲ್ಲಿ ಸೇರಿ, ಅಲ್ಲಿಂದ ಉಕ್ಕಿ ರಕ್ತಕ್ಕೆ, ಮಿದುಳಿಗೆ, ಕಣ್ಣಿಗೆ ಹೋಗುತ್ತದೆ. ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು–ಹಸಿರು ಬಣ್ಣದ ಉಂಗುರ ಮೂಡುತ್ತದೆ. ಕೈಸರ್–ಫ್ಲೈಶರ್ ಉಂಗುರವೆಂದು ಅದರ ಹೆಸರು. ಕಣ್ಣಿನ ಡಾಕ್ಟರ ಬಳಿ ಇರುವ ಸ್ಲಿಟ್ ಲ್ಯಾಂಪ್ ಅದನ್ನು ತೋರಿಸುತ್ತದೆ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಪ್ರಮಾಣ, 24 ತಾಸಿನ ಮೂತ್ರದಲ್ಲಿ ತಾಮ್ರದ ಪ್ರಮಾಣ ನೋಡಿದರೆ ರೋಗ ಬಹುಮಟ್ಟಿಗೆ ಖಚಿತವಾಗುತ್ತದೆ. ಈ ವಂಶವಾಹಿಯಲ್ಲಿ ನೂರಾರು ಬಗೆಯ ರೂಪಾಂತರಗಳಿರುವುದರಿಂದ ಡಿಎನ್‌ಎ ಪರೀಕ್ಷೆ ಆಮೇಲೆ. ಒಬ್ಬ ರೋಗಿಯಲ್ಲಿ ಯಾವ ರೂಪಾಂತರವೆಂದು ಗೊತ್ತಾದ ಮೇಲೆ ಒಡಹುಟ್ಟಿದವರಲ್ಲಿ ಅದನ್ನು ಹುಡುಕುವುದು ಸುಲಭ.

ಈ ಕಾಯಿಲೆಯ ಬಹುದೊಡ್ಡ ದಾಖಲೆಗಳಲ್ಲಿ ಒಂದು ಇರುವುದು ಕರ್ನಾಟಕದಲ್ಲಿ. ನಿಮ್ಹಾನ್ಸ್‌ನ ಡಾ. ಎ.ಬಿ. ತಾಳಿ ಮತ್ತು ಸಂಗಡಿಗರು ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಅವರಲ್ಲಿ 195 ಮಂದಿ ನರಗಳ ತೊಂದರೆಯಿಂದ ಬಂದವರು. ಆ 195 ಮಂದಿಯ ಕಣ್ಣಲ್ಲೂ ಉಂಗುರವಿತ್ತು. ಅರ್ಧಕ್ಕಿಂತ ಹೆಚ್ಚು ರೋಗಿಗಳ ತಂದೆತಾಯಿ ರಕ್ತಸಂಬಂಧಿಗಳು. ಚಿಕಿತ್ಸೆ ಪಡೆದು ಮತ್ತೆ ಮತ್ತೆ ತೋರಿಸಿಕೊಂಡವರಲ್ಲಿ ಬಹುಪಾಲು ಮಂದಿ ಚೇತರಿಸಿಕೊಂಡರು.

ಚೇತರಿಸಿಕೊಂಡರು ಎಂಬ ಮಾತು ಮುಖ್ಯ. 1956ರಲ್ಲಿ ವೈದ್ಯ ಜಾನ್ ವಾಲ್ಶ್ ಪೆನಿಸಿಲಮೈನ್ ಎಂಬ ಔಷಧಿ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುತ್ತದೆಂದು ತೋರಿಸಿದರು. ಅದಕ್ಕೂ ಮೊದಲು ವಿಲ್ಸನ್ ಕಾಯಿಲೆ ಎಂದರೆ ಸಾವು. ಕರುಳಿನಲ್ಲೇ ತಾಮ್ರವನ್ನು ತಡೆಯುವ ಸತುವಿನ ಲವಣ ಆಮೇಲೆ ಬಂತು. ಮಾತ್ರೆ ಜೀವನಪರ್ಯಂತ. ಶುರುವಿನಲ್ಲಿ ಪೆನಿಸಿಲಮೈನ್‌ನಿಂದ ಕೆಲವರ ನಡುಕ ಹೆಚ್ಚುವುದುಂಟು, ಅದಕ್ಕೇ ತಜ್ಞರ ನಿಗಾದಲ್ಲಿ ಪ್ರಮಾಣ ಏರಿಸಬೇಕು. ಹುಷಾರಾದೆವೆಂದು ಮಾತ್ರೆ ಬಿಟ್ಟವರು ಯಕೃತ್ತು ಕುಸಿದು ಸತ್ತಿದ್ದಾರೆ. ಈ ರೋಗಿಗಳು ತಾಮ್ರದ ಬಿಂದಿಗೆಯಲ್ಲಿಟ್ಟ ನೀರು ಕುಡಿಯಬಾರದು. ಕುರಿಯ ಕಾಳಿಜ, ಗೋಡಂಬಿ, ಅಣಬೆ, ಚಾಕೊಲೇಟ್ ದೂರವಿಡಬೇಕು.

ಒಳಸಂಬಂಧದ ಲೆಕ್ಕ

ವಿಲ್ಸನ್ ಕಾಯಿಲೆ ದುರ್ಬಲ ವಂಶವಾಹಿಯದು. ಜೋಡಿಯಲ್ಲಿ ಎರಡೂ ಕೆಡಬೇಕು. ಒಂದೇ ಕೆಟ್ಟವರು ವಾಹಕರು, ಅವರಿಗೆ ಏನೂ ಆಗುವುದಿಲ್ಲ. ರೂಢಿಯ ಅಂದಾಜಿನಂತೆ ಸುಮಾರು 90 ಜನರಲ್ಲಿ ಒಬ್ಬರು ಇಂಥ ವಾಹಕರು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಅಜ್ಜ ಅಜ್ಜಿ, ಅಪ್ಪ ಅಮ್ಮ ಎಲ್ಲರೂ ಗಟ್ಟಿಮುಟ್ಟಾಗಿದ್ದು ಮಕ್ಕಳಲ್ಲಿ ಒಬ್ಬಿಬ್ಬರಿಗೆ ಮಾತ್ರ ಬರುವುದು ಇದರಿಂದ. ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ ಎಂದು ತಾಯಂದಿರು ಅಳುವುದು ಇಂಥಲ್ಲಿಯೇ.

ಸಂಬಂಧದೊಳಗೆ ಕೊಟ್ಟು ತರುವುದು ನಮ್ಮ ಕಡೆ ಹಳೆಯ ರೂಢಿ. ಹೊಲ ಹಂಚಿಹೋಗುವುದಿಲ್ಲ, ಮಗಳು ಕಣ್ಣೆದುರಿಗಿರುತ್ತಾಳೆ, ಅತ್ತೆ ಎಂದರೆ ಅಜ್ಜಿಯೇ ಆಗಿರುತ್ತಾಳೆ. 1980–89ರ ನಡುವೆ ಬೆಂಗಳೂರು ಮತ್ತು ಮೈಸೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ವಿವರ ಕಲೆಹಾಕಿ ಅಲನ್ ಬಿಟಲ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮಾಡಿದ ಅಧ್ಯಯನದಲ್ಲಿ ಶೇ 31.4ರಷ್ಟು ಮದುವೆಗಳು ರಕ್ತಸಂಬಂಧದಲ್ಲಿ ನಡೆದಿದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪ್ರಮಾಣ ನಾಲ್ಕರಲ್ಲೊಂದಕ್ಕಿಂತ ಹೆಚ್ಚೇ ಇದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ವಿಲ್ಸನ್ ಕಾಯಿಲೆಯಿರುವ ಹುಡುಗ ಚಿಕಿತ್ಸೆಯಿಂದ ಗುಣಮುಖನಾಗಿ ಮದುವೆಗೆ ಬಂದಿದ್ದಾನೆ ಎನ್ನಿ. ಸಂಬಂಧವೇ ಇಲ್ಲದ ಹೆಣ್ಣು ತಂದರೆ ಮಗುವಿಗೆ ರೋಗ ಬರುವ ಸಂಭವ ಸುಮಾರು 180ಕ್ಕೆ ಒಂದು. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದರೆ ಎಂಟಕ್ಕೆ ಒಂದು. ಆರೋಗ್ಯವಾಗಿರುವ ಸ್ವಂತ ಅಕ್ಕನ ಮಗಳನ್ನು ತಂದರೆ ಆರಕ್ಕೆ ಒಂದು. ಅಕ್ಕನಿಗೆ ರೋಗವಿಲ್ಲದಿದ್ದರೂ ಅವಳು ವಾಹಕಳಾಗಿರುವ ಸಂಭವ ಮೂರರಲ್ಲಿ ಎರಡು ಪಾಲು, ಅದಕ್ಕೆ. ಬೀಗತನ ಮಾತಾಡುವಾಗ ಈ ಮೂರು ಅಂಕಿಗಳು ಮುಂದಿರಬೇಕು. ಫ್ರೀಡ್‌ರೀಕ್ ಅಟಾಕ್ಸಿಯಾದಂಥ ಬೇರೆ ದುರ್ಬಲ ರೋಗಗಳಿಗೂ ಲೆಕ್ಕದ ದಾರಿ ಇದೇ.

ಹಾಗೆಂದು ಎಲ್ಲ ಮನೆತನದ ಕಾಯಿಲೆಗೂ ಒಳಸಂಬಂಧವನ್ನೇ ದೂರುವುದು ಇನ್ನೊಂದು ತಪ್ಪು. ಹಂಟಿಂಗ್ಟನ್ ಇರುವ ಮನೆಯಲ್ಲಿ ದೂರದ ಹೆಣ್ಣು ತಂದೆವು, ಇನ್ನು ಚಿಂತೆಯಿಲ್ಲ ಎಂದು ನಂಬಿದವರು ಮೋಸ ಹೋಗುತ್ತಾರೆ. ತಲೆಮಾರಿಗೆ ತಲೆಮಾರು ಬಿಡದೆ ಬಂದರೆ ಪ್ರಬಲ; ಒಂದೇ ತಲೆಮಾರಿನ ಒಡಹುಟ್ಟಿದವರಲ್ಲಿ ಮಾತ್ರ ಬಂದು ಹಿಂದೆ ಯಾರಿಗೂ ಇಲ್ಲವಾದರೆ ದುರ್ಬಲ ಎಂದು ಮೊದಲ ಅಂದಾಜು ಮಾಡಬಹುದು. ಅಂದಾಜಿಗೆ ಖಾತರಿ ಕೊಡುವುದು ಪರೀಕ್ಷೆಯೇ.

ಯಾರಿಗೆ ಪರೀಕ್ಷೆ, ಯಾರಿಗೆ ಬೇಡ

ಹೆಸರು ಗೊತ್ತಾಗಬೇಕೆಂದು ಇಷ್ಟು ಒತ್ತಿ ಹೇಳಲು ಕಾರಣ ಇಲ್ಲಿದೆ. ಮನೆಯಲ್ಲಿ ಒಬ್ಬರಿಗೆ ವಿಲ್ಸನ್ ಕಾಯಿಲೆ ಎಂದಾದರೆ ಅಣ್ಣತಮ್ಮ, ಅಕ್ಕತಂಗಿ ಎಲ್ಲರನ್ನೂ, ಲಕ್ಷಣವಿಲ್ಲದ ಮಕ್ಕಳನ್ನೂ, ಪರೀಕ್ಷಿಸಲೇಬೇಕು. ತಾಮ್ರ ತುಂಬುವ ಮೊದಲೇ ಮಾತ್ರೆ ಶುರು ಮಾಡಿದರೆ ಅವರು ಎಲ್ಲರಂತೆ ಬದುಕುತ್ತಾರೆ. ನಿಮ್ಹಾನ್ಸ್‌ನ ಆ 282 ಮಂದಿಯಲ್ಲಿ ಲಕ್ಷಣಕ್ಕೆ ಮೊದಲೇ ಸಿಕ್ಕವರು ಕೇವಲ 15.

ಹಂಟಿಂಗ್ಟನ್ ಮತ್ತು ಎಸ್‌ಸಿಎಗಳಲ್ಲಿ ಮಾತೇ ಬೇರೆ. ರೋಗ ತಡೆಯುವ ಔಷಧಿ ಇನ್ನೂ ಕೈಗೆ ಬಂದಿಲ್ಲ. 20 ವರ್ಷದ ಮೇಲೆ ನಿನಗೆ ಈ ಕಾಯಿಲೆ ಬರುತ್ತದೆ ಎಂದು ಇವತ್ತು ತಿಳಿಯುವುದು ಎಲ್ಲರಿಗೂ ಬೇಕಾದ ಸಂಗತಿಯಲ್ಲ. ಪರೀಕ್ಷೆ ಸಿಗುವ ದೇಶಗಳಲ್ಲೂ ಅಪಾಯದಲ್ಲಿರುವ ಬಹುಪಾಲು ಜನ ಅದನ್ನು ಮಾಡಿಸಿಕೊಂಡಿಲ್ಲ. ವಂಶವಾಹಿ ಹುಡುಕಿಸಿದ ನ್ಯಾನ್ಸಿ ವೆಕ್ಸ್ಲರ್ ಅವರೇ ದಶಕಗಳ ಕಾಲ ತಮ್ಮ ಸ್ಥಿತಿ ಹೇಳಿಕೊಳ್ಳಲಿಲ್ಲ. ತಮಗೂ ಕಾಯಿಲೆ ಇದೆ ಎಂದು 2020ರಲ್ಲಿ ತಿಳಿಸಿದರು. ಲಕ್ಷಣವಿಲ್ಲದವರಿಗೆ ಪರೀಕ್ಷೆ ಮಾಡುವ ಮೊದಲು ಮತ್ತು ನಂತರ ಆಪ್ತಸಮಾಲೋಚನೆ ಇರಬೇಕು, 18 ತುಂಬದ ಮಕ್ಕಳಿಗೆ ಮಾಡಬಾರದು, ಮದುವೆ ಮಾತುಕತೆಗೆ ಬಂದ ಬೀಗರು ಕೇಳಿದರೆಂದು ಮಾಡಬಾರದು. ತಿಳಿಯುವ ಹಕ್ಕಿನಷ್ಟೇ ತಿಳಿಯದಿರುವ ಹಕ್ಕೂ ಆ ವ್ಯಕ್ತಿಯದು. ಮಗು ಬಯಸುವ ದಂಪತಿಗೆ ಭ್ರೂಣ ಪರೀಕ್ಷೆಯ ದಾರಿ ಕಾನೂನಿನಲ್ಲಿದೆ; 1994ರ ಕಾಯ್ದೆ ಲಿಂಗ ತಿಳಿಯುವುದನ್ನು ನಿಷೇಧಿಸಿದೆಯೇ ಹೊರತು ನೋಂದಾಯಿತ ಕೇಂದ್ರದಲ್ಲಿ ಆನುವಂಶಿಕ ರೋಗ ಪತ್ತೆ ಮಾಡುವುದನ್ನಲ್ಲ.

ಔಷಧಿಯ ಕಡೆ ಏನೂ ನಡೆದಿಲ್ಲವೆಂದಲ್ಲ. ಹಂಟಿಂಗ್ಟನ್ನಿನ ಕುಣಿತವನ್ನು ಟೆಟ್ರಾಬೆನಜಿನ್ ತಗ್ಗಿಸುತ್ತದೆ. ಫ್ರೀಡ್‌ರೀಕ್ ಅಟಾಕ್ಸಿಯಾಕ್ಕೆ 2023ರಲ್ಲಿ ಅಮೆರಿಕದಲ್ಲಿ ಮೊದಲ ಔಷಧಿಗೆ ಒಪ್ಪಿಗೆ ಸಿಕ್ಕಿತು. ಮಿದುಳಿಗೆ ನೇರವಾಗಿ ಕೊಡುವ ವಂಶವಾಹಿ ಚಿಕಿತ್ಸೆಯೊಂದು ಹಂಟಿಂಗ್ಟನ್ ವೇಗವನ್ನು ತಗ್ಗಿಸಿತೆಂದು ಯೂನಿಕ್ಯೂರ್ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಪ್ರಯೋಗದಲ್ಲಿದ್ದವರ ಸಂಖ್ಯೆ ಚಿಕ್ಕದು, ದೊಡ್ಡ ಪುರಾವೆ ಇನ್ನೂ ಬೇಕು. ಅಟಾಕ್ಸಿಯಾದಲ್ಲಿ ನಿತ್ಯದ ಸಮತೋಲನ ವ್ಯಾಯಾಮ, ಮಾತಿನ ಮತ್ತು ನುಂಗುವಿಕೆಯ ತರಬೇತಿ ನಿಜವಾದ ನೆರವು. ಸ್ಟೆಮ್ ಸೆಲ್ ಚುಚ್ಚಿ ಗುಣಪಡಿಸುತ್ತೇವೆ ಎಂಬ ಜಾಹೀರಾತು ನಂಬಿ ಹೊಲ ಮಾರಬೇಡಿ. ಈ ರೋಗಗಳಿಗೆ ಅಂಥ ಚಿಕಿತ್ಸೆಗೆ ದೇಶದಲ್ಲಿ ಮಾನ್ಯತೆಯಿಲ್ಲ.

ಮಾಡಬೇಕಾದ್ದು

ಮೊದಲು ಹಾಳೆ, ಪೆನ್ನು ತೆಗೆದುಕೊಳ್ಳಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಮೂರು ತಲೆಮಾರು ಬರೆಯಿರಿ. ಗಂಡುಮಕ್ಕಳಷ್ಟೇ ಅಲ್ಲ, ಕೊಟ್ಟ ಹೆಣ್ಣುಮಕ್ಕಳು ಮತ್ತು ಅವರ ಮಕ್ಕಳು ಕೂಡ. ಯಾರಿಗೆ ನಡುಕ, ತೂರಾಟ, ತೊದಲು ಇತ್ತು, ಎಷ್ಟನೇ ವಯಸ್ಸಿಗೆ ಬಂತು, ಯಾರ ಮದುವೆ ಸಂಬಂಧದೊಳಗಿನದು ಎಂಬುದನ್ನು ಗುರುತು ಹಾಕಿ. ಹೆಳವರು ನಿಮ್ಮ ಮನೆಗೆ ಇನ್ನೂ ಬರುತ್ತಿದ್ದರೆ ಅವರ ಕಡತ ಕೇಳಿ, ಹಳೆಯ ಕವಲುಗಳು ಸಿಗುತ್ತವೆ. ಆ ಹಾಳೆಯೊಂದಿಗೆ ಬಳ್ಳಾರಿ, ದಾವಣಗೆರೆ ಅಥವಾ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ನರರೋಗ ತಜ್ಞರನ್ನು ಕಾಣಿ. ಹೆಚ್ಚಿನ ಪರೀಕ್ಷೆ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಂಶವಾಹಿ ಪರೀಕ್ಷೆಯೂ ಇದೆ, ಸಮಾಲೋಚನೆಯೂ ಇದೆ. ಮಕ್ಕಳ ಆನುವಂಶಿಕ ರೋಗಗಳಿಗೆ ಬೆಂಗಳೂರಿನಲ್ಲಿಯೇ ಮಾನವ ತಳಿವಿಜ್ಞಾನ ಕೇಂದ್ರವಿದೆ.

ಕಾನೂನು ರೋಗಿಯ ಕಡೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ದೀರ್ಘಕಾಲದ ನರಸಂಬಂಧಿ ಕಾಯಿಲೆಗಳೂ ಸೇರಿವೆ. ಶೇ 40 ಅಥವಾ ಹೆಚ್ಚು ವೈಕಲ್ಯವೆಂದು ಪ್ರಮಾಣಪತ್ರವಿದ್ದರೆ ಸೌಲಭ್ಯಗಳು ಸಿಗುತ್ತವೆ. ಆನುವಂಶಿಕ ಕಾಯಿಲೆ ಎಂಬ ಒಂದೇ ಕಾರಣಕ್ಕೆ ಆರೋಗ್ಯ ವಿಮೆಯಿಂದ ಸಾರಾಸಗಟಾಗಿ ಹೊರಗಿಡುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ.

ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು. ಚುರುಕಾಗಿದ್ದ ಹುಡುಗನ ಅಕ್ಷರ ಕೆಟ್ಟು, ಮಾತು ತೊದಲಿ, ಕೈ ನಡುಗತೊಡಗಿದರೆ ಸೋಮಾರಿತನವೆಂದು ಬೈಯುವ ಮೊದಲು ಕಣ್ಣಿನ ಡಾಕ್ಟರ ಬಳಿ ಕಳಿಸಿ. ಆನುವಂಶಿಕವಾಗಿ ಬರುವ ನಡುಕಗಳಲ್ಲಿ ಮಾತ್ರೆಯಿಂದ ಹಿಡಿತಕ್ಕೆ ಬರುವಂಥದ್ದು ವಿಲ್ಸನ್ ಕಾಯಿಲೆ. ಅದು ಗೊತ್ತಾಗದೆ ನಮ್ಮ ಸೀಮೆಯ ಒಂದು ಮಗುವೂ ಕೈಕಾಲು ಕಳೆದುಕೊಳ್ಳಬಾರದು.